‘ಲಾಗ್ ಇನ್’ ಎಲ್ಲಿಂದ ಬಂತು: ಜೋಡಿ ಕ್ರಿಯಾಪದವನ್ನು ಬಿಡಿಸಿ ಓದುವ ಬಗೆ

ಇಂಗ್ಲಿಷ್ ಕಲಿಯಲು ಸಂಜೆ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಚೀಲದಲ್ಲಿ ಅವೆನ್ಯೂ ರಸ್ತೆಯಲ್ಲಿ ಕೊಂಡ ಒಂದು ದಪ್ಪ ಪುಸ್ತಕ ಇರುತ್ತದೆ. ಅದರ ಕೊನೆಯಲ್ಲಿ ಫ್ರೇಸಲ್ ವರ್ಬ್‌ಗಳ, ಅಂದರೆ ಜೋಡಿ ಕ್ರಿಯಾಪದಗಳ, ಉದ್ದನೆಯ ಪಟ್ಟಿ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ‘ಗಿವ್ ಅಪ್’ ಎಂದರೆ ಬಿಟ್ಟುಬಿಡು, ‘ಗಿವ್ ಇನ್’ ಎಂದರೆ ಮಣಿ, ‘ಗಿವ್ ಔಟ್’ ಎಂದರೆ ಹಂಚು. ಮೂರನ್ನೂ ಬಾಯಿಪಾಠ ಮಾಡುತ್ತಾರೆ, ವಾರ ಕಳೆಯುವಷ್ಟರಲ್ಲಿ ಮೂರನ್ನೂ ಕಲಸಿಕೊಂಡು ಬಂದು ಕೂರುತ್ತಾರೆ. ಅವರ ಶ್ರಮ ಹಾಗೆ ಸೋರಿಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಪಟ್ಟಿಯನ್ನು ಬದಿಗಿಟ್ಟು ಒಂದೇ ಒಂದು ಜೋಡಿಯನ್ನು ಬೇರಿನವರೆಗೆ ಬಿಡಿಸಿ ನೋಡಿದರೆ ಉಳಿದವನ್ನು ಬಿಡಿಸುವ ಕೈಹದ ತಾನಾಗಿ ಬರುತ್ತದೆ ಎಂದು ನಾನು ನಂಬಿದ್ದೇನೆ. ಆ ಒಂದಕ್ಕೆ ನಾನು ಯಾವಾಗಲೂ ‘ಲಾಗ್ ಇನ್’ ಅನ್ನೇ ಆರಿಸಿಕೊಳ್ಳುತ್ತೇನೆ. ವಿದ್ಯುತ್ ಬಿಲ್ಲು ಕಟ್ಟಲು, ಮಗುವಿನ ಶಾಲೆಯ ಶುಲ್ಕ ತುಂಬಲು, ಕಚೇರಿಯಲ್ಲಿ ಹಾಜರಿ ಹಾಕಲು ಬೆಂಗಳೂರಿನಲ್ಲಿ ಈ ಮಾತನ್ನು ಮುಟ್ಟದೆ ಒಂದು ದಿನವೂ ಕಳೆಯುವುದಿಲ್ಲ. ಆದರೂ ‘ಲಾಗ್’ ಎಂದರೇನು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ.

ಬಿಡಿಸುವ ಮೊದಲು ಹೆದರಿಕೆಯನ್ನು ಕಳೆದುಕೊಳ್ಳಬೇಕು. ಕ್ರಿಯಾಪದದ ಹಿಂದೆ ಪುಟ್ಟ ಪದವೊಂದು ಬಂದು ಕೂತು ಇಡೀ ಅರ್ಥವನ್ನೇ ತಿರುಗಿಸಿಬಿಡುವ ಈ ಪದ್ಧತಿ ಪರದೇಶಿಯರಿಗೆ ಎಲ್ಲಕ್ಕಿಂತ ಕಷ್ಟದ್ದು ಎಂದು ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ 1755ರಲ್ಲೇ ಬರೆದಿದ್ದಾನೆ. ಅವನ ಕಣ್ಣ ಮುಂದೆ ಇದ್ದ ಪರದೇಶಿಯರು ಯಾರೋ ಗೊತ್ತಿಲ್ಲ, ಕನ್ನಡದವರಂತೂ ಅಲ್ಲ. ನಮ್ಮಲ್ಲಿ ಈ ಕೆಲಸ ದಿನವಿಡೀ ನಡೆಯುತ್ತದೆ. ‘ಹೇಳು’ ಎಂಬ ಒಂದು ಕ್ರಿಯಾಪದವನ್ನು ತೆಗೆದುಕೊಳ್ಳಿ. ಹೇಳಿಕೊಡು ಎಂದರೆ ಕಲಿಸು. ಹೇಳಿಕೊಳ್ಳು ಎಂದರೆ ಮನಸ್ಸಿನಲ್ಲಿರುವುದನ್ನು ತೋಡಿಕೊಳ್ಳು. ಹೇಳಿಬಿಡು ಎಂದರೆ ತಡೆಯದೆ ಹೊರಗೆ ಹಾಕು. ಹೇಳಿಕಳಿಸು ಎಂದರೆ ಯಾರ ಮೂಲಕವಾದರೂ ಸುದ್ದಿ ಮುಟ್ಟಿಸು. ಇವುಗಳ ಪಟ್ಟಿಯನ್ನು ನಮಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ. ‘ಕೊಡು’ ಬಂದರೆ ಕೆಲಸದ ಫಲ ಇನ್ನೊಬ್ಬರ ಕಡೆಗೆ ಹೋಗುತ್ತದೆ, ‘ಕೊಳ್ಳು’ ಬಂದರೆ ತನ್ನ ಕಡೆಗೆ ಬರುತ್ತದೆ ಎಂಬುದು ಕಿವಿಗೆ ಗೊತ್ತು. ಇಂಗ್ಲಿಷಿನಲ್ಲಿ ಇನ್, ಔಟ್, ಅಪ್, ಆಫ್‌ಗಳು ಇಂಥದೇ ಕೆಲಸಕ್ಕೆ ನಿಂತಿವೆ. ಕನ್ನಡದ ಕಿವಿ ಇರುವವರಿಗೆ ಅರ್ಧ ದಾರಿ ಆಗಲೇ ಸವೆದಿದೆ.

ಹಾಗಾದರೆ ಮೊದಲ ಕೆಲಸ: ಬಾಲವನ್ನು ಬಿಟ್ಟು ಮೂಲ ಪದವನ್ನು ಮಾತ್ರ ಹಿಡಿಯಿರಿ. ಅದರ ಅತ್ಯಂತ ಹಳೆಯ, ಕೈಯಿಂದ ಮುಟ್ಟಬಹುದಾದ ಅರ್ಥ ಯಾವುದೆಂದು ನಿಘಂಟಿನಲ್ಲಿ ಹುಡುಕಿ. ಸಾಮಾನ್ಯ ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ‘ಲಾಗ್’ ತೆಗೆದರೆ ಮೊದಲು ಸಿಗುವುದು ‘ಮರದ ದಿಮ್ಮಿ’. ಹೆಚ್ಚಿನವರು ಇಲ್ಲಿಯೇ ಪುಸ್ತಕ ಮುಚ್ಚುತ್ತಾರೆ. ಒಬ್ಬ ಹುಡುಗಿ ಮುಚ್ಚಲಿಲ್ಲ. “ಮೇಡಂ, ದಿಮ್ಮಿಗೂ ಕಂಪ್ಯೂಟರಿಗೂ ಏನು ಸಂಬಂಧ?” ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು. ಆ ಸಂಬಂಧ ಸಮುದ್ರದ ಮೇಲಿದೆ.

ದಡ ಕಾಣದ ನೀರಿನಲ್ಲಿ ಹಡಗು ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ತಿಳಿಯುವುದು ಹೇಗೆ? ಪಕ್ಕದಲ್ಲಿ ಮರವಿಲ್ಲ, ಮೈಲಿಗಲ್ಲಿಲ್ಲ. ಹಳೆಯ ನಾವಿಕರು ಒಂದು ಉಪಾಯ ಮಾಡಿದರು. ಒಂದು ಮರದ ತುಂಡನ್ನು ಹಗ್ಗಕ್ಕೆ ಕಟ್ಟಿ ಹಡಗಿನ ಹಿಂಬದಿಯಿಂದ ನೀರಿಗೆ ಎಸೆಯುವುದು. ಮರದ ತುಂಡು ನೀರಿನಲ್ಲಿ ಹೆಚ್ಚುಕಡಿಮೆ ಎಸೆದಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಸಾಗುತ್ತದೆ, ಹಗ್ಗ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಗೊತ್ತಾದ ಹೊತ್ತಿನಲ್ಲಿ ಎಷ್ಟು ಹಗ್ಗ ಹೊರಗೆ ಹೋಯಿತೆಂದು ಅಳೆದರೆ ವೇಗ ತಿಳಿಯಿತು. ಇಂಗ್ಲೆಂಡಿನ ವಿಲಿಯಂ ಬೋರ್ನ್ ಎಂಬಾತ 1574ರಲ್ಲಿ ನಾವಿಕರಿಗಾಗಿ ಬರೆದ ಕೈಪಿಡಿಯಲ್ಲಿ ಈ ವಿಧಾನದ ವಿವರಣೆ ಇದೆ. ಆ ಮರದ ತುಂಡಿಗೆ ‘ಲಾಗ್’ ಎಂದೇ ಹೆಸರು.

ಈ ಉಪಕರಣವನ್ನು ನಾನು ತರಗತಿಯಲ್ಲಿ ರಟ್ಟಿನಲ್ಲಿ ಕತ್ತರಿಸಿ ತೋರಿಸುತ್ತೇನೆ, ಏಕೆಂದರೆ ಅದು ರೂಪುಗೊಂಡ ರೀತಿ ಬಹಳ ಚೆಂದ. ಮುಂದಿನ ಕಾಲದಲ್ಲಿ ಅದು ದಿಮ್ಮಿಯಾಗಿ ಉಳಿಯಲಿಲ್ಲ, ಕಾಲು ವೃತ್ತದ ಆಕಾರದ ತೆಳು ಹಲಗೆಯಾಯಿತು. ಬಾಗಿದ ಅಂಚಿಗೆ ಸೀಸ ಸೇರಿಸುತ್ತಿದ್ದರು, ಆ ಭಾರಕ್ಕೆ ಹಲಗೆ ನೀರಿನಲ್ಲಿ ನೆಟ್ಟಗೆ ನಿಂತು ಎಳೆತಕ್ಕೆ ಸುಲಭವಾಗಿ ಜಗ್ಗುತ್ತಿರಲಿಲ್ಲ. ಮೂರು ಮೂಲೆಗಳಿಂದ ಮೂರು ಎಳೆಗಳು ಬಂದು ಉದ್ದನೆಯ ಹಗ್ಗಕ್ಕೆ ಸೇರುತ್ತಿದ್ದವು. ಹಗ್ಗದ ಮೊದಲ ಭಾಗ ಖಾಲಿ. ಹಡಗಿನ ಹಿಂದೆ ಕದಡಿದ ನೀರನ್ನು ಹಲಗೆ ದಾಟಲಿ ಎಂದು ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆ ಭಾಗ ಮುಗಿದಲ್ಲಿ ಒಂದು ಬಟ್ಟೆಯ ಚೂರು. ಅದು ಕೈಯಿಂದ ಜಾರಿದ ಕ್ಷಣ ಇನ್ನೊಬ್ಬ ಮರಳಿನ ಗಡಿಯಾರವನ್ನು ಮಗುಚುತ್ತಿದ್ದ. ಅಲ್ಲಿಂದ ಮುಂದೆ ಹಗ್ಗದಲ್ಲಿ ಸಮನಾದ ಅಂತರಕ್ಕೆ ಗಂಟುಗಳು. ಮರಳು ಮುಗಿದೊಡನೆ ಹಗ್ಗವನ್ನು ಗಟ್ಟಿಯಾಗಿ ಹಿಡಿದು, ಎಷ್ಟು ಗಂಟು ಹೊರಗೆ ಹೋಗಿದೆ ಎಂದು ಎಣಿಸುವುದು. ಹಾಗೆ ಜಗ್ಗಿ ಹಿಡಿದಾಗ ಎಳೆಯೊಂದರ ಮರದ ಬೆಣೆ ಕಳಚಿಕೊಂಡು ಹಲಗೆ ಮಲಗುತ್ತಿತ್ತು, ಮೇಲಕ್ಕೆ ಎಳೆದುಕೊಳ್ಳುವುದು ಹಗುರವಾಗುತ್ತಿತ್ತು.

ಲೆಕ್ಕವನ್ನೂ ಮಾಡಿಸುತ್ತೇನೆ. 28 ಸೆಕೆಂಡಿನ ಮರಳು ಗಡಿಯಾರಕ್ಕೆ ಗಂಟುಗಳ ನಡುವಿನ ಅಂತರ 47 ಅಡಿ 3 ಅಂಗುಲ. ಗಂಟೆಯಲ್ಲಿ 3,600 ಸೆಕೆಂಡು. 28 ಸೆಕೆಂಡಿಗೆ ಒಂದು ಗಂಟು ಹೋದರೆ ಗಂಟೆಗೆ 6,075 ಅಡಿ ಆಗುತ್ತದೆ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್, ಅಂದರೆ ಸುಮಾರು 6,076 ಅಡಿ. ಐದು ಗಂಟು ಹೊರಗೆ ಹೋದರೆ ಹಡಗಿನ ವೇಗ ಗಂಟೆಗೆ ಐದು ನಾಟಿಕಲ್ ಮೈಲಿ. ಚಂಡಮಾರುತದ ಸುದ್ದಿಯಲ್ಲಿ ಗಾಳಿಯ ವೇಗವನ್ನು ‘ನಾಟ್’ ಎಂದು ಹೇಳುತ್ತಾರಲ್ಲ, ಅದು ಇದೇ ಹಗ್ಗದ ಗಂಟು. ಲೆಕ್ಕ ಹೀಗೆ ಕೂಡಿಬಂದಾಗ ಮಕ್ಕಳ ಮುಖ ಅರಳುತ್ತದೆ. ಹಾಗೆ ಕೈಯಾರೆ ಮಾಡಿದ ಲೆಕ್ಕದ ಜೊತೆಗೆ ಬಂದ ಪದ ಮರೆತುಹೋಗುವುದಿಲ್ಲ.

ಎರಡನೆಯ ಕೆಲಸ ಮೂಲ ಪದ ಕೈಯಿಂದ ಕಾಗದಕ್ಕೆ ಹೇಗೆ ಬಂತೆಂದು ಹಿಂಬಾಲಿಸುವುದು. ಅಳೆದ ವೇಗವನ್ನು ಬರೆದಿಡಬೇಕು, ಇಲ್ಲದಿದ್ದರೆ ಹಡಗು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಕಾವಲಿನ ಹೊತ್ತಿನಲ್ಲಿ ಗಂಟೆಗಂಟೆಗೆ ಸಿಕ್ಕ ಅಂಕಿಗಳನ್ನು, ಗಾಳಿಯನ್ನು, ದಿಕ್ಕನ್ನು ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆದು, ಆಮೇಲೆ ಪುಸ್ತಕಕ್ಕೆ ಇಳಿಸುತ್ತಿದ್ದರು. ಲಾಗ್ ಹೇಳಿದ್ದನ್ನು ಬರೆಯುವ ಪುಸ್ತಕವಾದ್ದರಿಂದ ಅದು ‘ಲಾಗ್ ಬುಕ್’. 17ನೇ ಶತಮಾನದ ಹೊತ್ತಿಗೆ ಆ ಹೆಸರು ಬಂದಿತ್ತು. ಬರಬರುತ್ತ ‘ಬುಕ್’ ಬಿದ್ದುಹೋಗಿ ಪುಸ್ತಕಕ್ಕೇ ‘ಲಾಗ್’ ಎನ್ನುವುದು ರೂಢಿಯಾಯಿತು. 19ನೇ ಶತಮಾನದಲ್ಲಿ ಅದೇ ಪದ ಕ್ರಿಯಾಪದವಾಗಿ, ‘ಆ ಪುಸ್ತಕದಲ್ಲಿ ದಾಖಲಿಸು’ ಎಂಬ ಅರ್ಥ ಪಡೆಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಿಂದೆ ದಿಮ್ಮಿ ಸೀಳಿದ ಹಲಗೆಗಳನ್ನೇ ಕೀಲಿಸಿ ಪುಸ್ತಕ ಮಾಡುತ್ತಿದ್ದರು, ಅದಕ್ಕೇ ಆ ಹೆಸರು ಬಂತು ಎಂಬ ಕಥೆಯೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಕೇಳಲು ಸೊಗಸಾಗಿದೆ. ನಿಘಂಟುಗಳು ಮಾತ್ರ ವೇಗ ಅಳೆಯುವ ಲಾಗನ್ನೇ ಮೂಲವೆಂದು ತೋರಿಸುತ್ತವೆ. ಇಂಥ ಕಥೆ ಕೈಗೆ ಸಿಕ್ಕಾಗ ವರ್ಷಗಳ ಸರಣಿಯನ್ನು ಕೇಳಿ: ಯಾವ ಅರ್ಥ ಮೊದಲು ಬರಹದಲ್ಲಿ ಕಂಡಿತು, ಯಾವುದು ಆಮೇಲೆ? ದೊಡ್ಡ ನಿಘಂಟುಗಳು ಪ್ರತಿ ಅರ್ಥದ ಪಕ್ಕ ಅದು ಮೊದಲು ಕಂಡ ವರ್ಷವನ್ನು ಕೊಡುತ್ತವೆ. ವೇಗದ ಲಾಗ್ ಮೊದಲು, ಪುಸ್ತಕ ಆಮೇಲೆ, ದಾಖಲಿಸುವ ಕ್ರಿಯಾಪದ ಅದಕ್ಕೂ ಆಮೇಲೆ, ‘ಇನ್’ ಎಲ್ಲಕ್ಕಿಂತ ಕೊನೆಗೆ. ಒಂದರಿಂದ ಇನ್ನೊಂದು ಹುಟ್ಟುವ ದಾರಿ ಹೀಗೆ ವರ್ಷಗಳೊಂದಿಗೆ ಹೊಂದಿಕೊಂಡರೆ ನಂಬಬಹುದು. ವರ್ಷಗಳೇ ಇಲ್ಲದ ಕಥೆಯನ್ನು, ಎಷ್ಟೇ ಚೆನ್ನಾಗಿದ್ದರೂ, ಇನ್ನೊಬ್ಬರಿಗೆ ಹೇಳಬೇಡಿ.

ಲಾಗ್ ಬುಕ್ ನನಗೆ ಸಮುದ್ರದಿಂದ ಗೊತ್ತಾದದ್ದಲ್ಲ. ಬಹುಮಹಡಿ ಕಟ್ಟಡದಲ್ಲಿದ್ದ ಒಂದು ಸರ್ಕಾರಿ ಇಲಾಖೆಯ ವಾಹನ ಶಾಖೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ, ಪ್ರಥಮ ದರ್ಜೆಗೆ ಬಡ್ತಿ ಸಿಕ್ಕಿದ ಮೇಲೂ ಬಹಳ ಕಾಲ ಅದೇ ಮೇಜಿನಲ್ಲಿದ್ದೆ. ಜೀಪುಗಳ ಲಾಗ್ ಬುಕ್‌ಗಳೆಲ್ಲ ತಿಂಗಳ ಕೊನೆಗೆ ನನ್ನ ಮುಂದೆ ಬರುತ್ತಿದ್ದವು. ದಿನಾಂಕ, ಹೊರಟ ಸ್ಥಳ, ತಲುಪಿದ ಸ್ಥಳ, ಹೊರಟಾಗಿನ ಮೀಟರ್, ತಲುಪಿದಾಗಿನ ಮೀಟರ್, ಪ್ರಯಾಣದ ಉದ್ದೇಶ, ಹಾಕಿಸಿದ ಡೀಸೆಲ್, ಕೊನೆಯಲ್ಲಿ ಅಧಿಕಾರಿಯ ಸಹಿ. ‘ಬಹುಮಹಡಿ ಕಟ್ಟಡದಿಂದ ಯಲಹಂಕ, ತಪಾಸಣೆ, 41,212ರಿಂದ 41,230’ ಎಂದು ಚಾಲಕರು ಬರೆದ ಸಾಲಿಗೂ ನಾವಿಕ ಬರೆದ ಸಾಲಿಗೂ ವ್ಯತ್ಯಾಸ ಬಹಳವಿಲ್ಲ. ಎಲ್ಲಿಂದ, ಎಲ್ಲಿಗೆ, ಎಷ್ಟು, ಯಾರ ಹೊಣೆ. ನಮ್ಮ ಚಾಲಕರಲ್ಲಿ ಹಲವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಲಾಗ್ ಎಂದರೆ ಏನೆಂಬುದು ಅವರಿಗೆ ಗೊತ್ತಿದ್ದಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ: ಬರೆಯದೆ ಗಾಡಿ ಅಲುಗಾಡುವಂತಿಲ್ಲ. ನಿಮ್ಮ ಮನೆಯಲ್ಲಿ ಸರ್ಕಾರಿ ವಾಹನ ಓಡಿಸಿದವರು, ವಿದ್ಯುತ್ ಉಪಕೇಂದ್ರದಲ್ಲಿ ಪಾಳಿ ಮಾಡಿದವರು ಇದ್ದರೆ ಕೇಳಿ ನೋಡಿ. ಪದದ ಜೀವಂತ ಅರ್ಥ ಅವರ ಹತ್ತಿರ ಸಿಗುತ್ತದೆ.

ಈಗ ಬಾಲದ ಪದಕ್ಕೆ ಬನ್ನಿ. ಮೂರನೆಯ ಕೆಲಸ: ‘ಇನ್’ ಎಂದರೆ ಎಲ್ಲಿಗೆ ಒಳಗೆ ಎಂದು ಕೇಳುವುದು. ಬಹುತೇಕ ಎಲ್ಲರೂ ವೆಬ್‌ಸೈಟಿನ ಒಳಗೆ ಎನ್ನುತ್ತಾರೆ. ಇಂದಿನ ಬಳಕೆಯಲ್ಲಿ ಆ ಅರ್ಥವೂ ಸೇರಿಕೊಂಡಿದೆ. ಆದರೆ ಮೂಲ ಪದದ ದಾರಿ ಹಿಡಿದು ಬಂದವರಿಗೆ ಪುಸ್ತಕ ಕಾಣುತ್ತದೆ: ಬಂದವರ ಹೆಸರು ದಾಖಲೆಯೊಳಗೆ ಸೇರುವುದು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರ ರಿಜಿಸ್ಟರ್ ಮುಂದಿಟ್ಟು, ಹೆಸರು, ಮನೆಯ ಸಂಖ್ಯೆ, ಬಂದ ಸಮಯ ಬರೆಸಿಕೊಂಡು ಒಳಗೆ ಬಿಡುತ್ತಾನಲ್ಲ, ಲಾಗ್ ಇನ್ ಅದೇ. ಹೊರಗೆ ಹೋಗುವಾಗ ಅದೇ ಸಾಲಿನ ಕೊನೆಯಲ್ಲಿ ಸಮಯ ಬರೆದರೆ ಲಾಗ್ ಔಟ್. ಬಾಗಿಲು ತೆರೆಯುವುದು ಬರೆದದ್ದರ ಫಲ.

ಕಂಪ್ಯೂಟರಿಗೆ ಈ ರಿಜಿಸ್ಟರ್ ಯಾಕೆ ಬೇಕಾಯಿತು ಎಂಬುದರಲ್ಲೇ ಮಾತಿನ ಹುಟ್ಟು ಇದೆ. 1960ರ ದಶಕದ ಆರಂಭದಲ್ಲಿ ಒಂದು ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ, ಅದರ ಒಂದೊಂದು ನಿಮಿಷಕ್ಕೂ ಬೆಲೆ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯೊಂದನ್ನು ಕಟ್ಟಿ, 1961ರ ನವೆಂಬರ್‌ನಲ್ಲಿ ತೋರಿಸಿದರು. ಸಿಟಿಎಸ್ಎಸ್ ಎಂಬುದು ಅದರ ಹೆಸರು. ದೂರದ ಟೈಪ್‌ರೈಟರಿನಂಥ ಸಲಕರಣೆಯ ಮುಂದೆ ಕೂತವನು ‘ಲಾಗಿನ್’ ಎಂದು ಟೈಪಿಸಿ ತನಗೆ ಕೊಟ್ಟ ಸಂಖ್ಯೆಯನ್ನೂ ಹೆಸರನ್ನೂ ತಿಳಿಸಬೇಕಿತ್ತು. ಕೆಲಸ ಮುಗಿಸಿ ‘ಲಾಗೌಟ್’ ಎಂದಾಗ ಯಂತ್ರ ಅವನು ಬಳಸಿದ ಸಮಯವನ್ನು ಅಚ್ಚು ಹಾಕಿ ತಿಳಿಸುತ್ತಿತ್ತು. ಯಾರು ಬಂದರು, ಎಷ್ಟು ಹೊತ್ತು ಯಂತ್ರ ಓಡಿಸಿದರು. ಜೀಪಿನ ಎರಡು ಮೀಟರ್ ಅಂಕಣಗಳ ಲೆಕ್ಕವೇ ಇದು. ಪಾಸ್‌ವರ್ಡ್ ಕೇಳುವ ಪದ್ಧತಿ ಕಂಪ್ಯೂಟರಿಗೆ ಬಂದದ್ದೂ ಈ ವ್ಯವಸ್ಥೆಯಿಂದಲೇ ಎನ್ನುತ್ತಾರೆ. ಕೊರ್ಬಾಟೊ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1990ರ ಸಾಲಿಗೆ ಸಂದಿತು.

ಇನ್ನೊಂದು ಘಟನೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಇಂಟರ್ನೆಟ್ಟಿನ ಹಿರಿಯಜ್ಜಿಯಾದ ಆರ್ಪಾನೆಟ್‌ನಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋದ ಮೊದಲ ಸಂದೇಶ ಇದೇ ಪದ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರಕ್ಕೆ ‘ಲಾಗಿನ್’ ಎಂದು ಕಳಿಸಲು ಕೂತ. ಮೊದಲ ಎರಡು ಅಕ್ಷರಗಳಾದ ‘ಎಲ್’ ಮತ್ತು ‘ಓ’ ತಲುಪಿದವು, ಅಷ್ಟರಲ್ಲಿ ಆ ಕಡೆಯ ಯಂತ್ರ ಕೆಟ್ಟು ನಿಂತಿತು. ಸುಮಾರು ಒಂದು ಗಂಟೆಯ ಬಳಿಕ ಪೂರ್ತಿ ಪದ ತಲುಪಿತು. ಬೋರ್ನ್ ಕಾಲದ ನಾವಿಕರ ಮರದ ತುಂಡು ಅಲ್ಲಿಯವರೆಗೆ ಬಂದಿತ್ತು!

‘ಲಾಗ್ ಆನ್’ ಎಂದೂ ಹೇಳುತ್ತಾರಲ್ಲ ಎಂದು ಕೇಳುವವರಿಗೆ: ಎರಡೂ ಸರಿ. ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಪರಂಪರೆಯ ಯಂತ್ರಗಳು ‘ಲಾಗಿನ್’ ಎಂದವು, ಐಬಿಎಂನ ದೊಡ್ಡ ಯಂತ್ರಗಳು ‘ಲಾಗ್ ಆನ್’ ಎಂದವು, ವಿಂಡೋಸ್ ಬಹಳ ಕಾಲ ‘ಲಾಗ್ ಆನ್’ ಎಂದು ಆಮೇಲೆ ‘ಸೈನ್ ಇನ್’ಗೆ ಹೊರಳಿತು. ಒಂದು ಬರಹದಲ್ಲಿ ಒಂದನ್ನೇ ಬಳಸಿ, ಅಷ್ಟು ಸಾಕು. ‘ಬ್ಲಾಗ್’ ಕೂಡ ಈ ಮನೆಯ ಕೂಸು: 1997ರಲ್ಲಿ ಜಾರ್ನ್ ಬಾರ್ಗರ್ ‘ವೆಬ್‌ಲಾಗ್’ ಎಂಬ ಪದ ಮಾಡಿದ, 1999ರಲ್ಲಿ ಪೀಟರ್ ಮರ್ಹೋಲ್ಜ್ ಅದನ್ನು ಮುರಿದು ‘ಬ್ಲಾಗ್’ ಮಾಡಿದ.

ಅರ್ಥ ತಿಳಿದ ಮೇಲೆ ಬಳಸುವುದು. ಕನ್ನಡದಲ್ಲಿ ನಾವು ‘ಲಾಗಿನ್ ಆಗಿ’, ‘ಲಾಗಿನ್ ಮಾಡಿ’ ಎನ್ನುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ, ನಾವು ಅದನ್ನು ನಾಮಪದವಾಗಿ ತೆಗೆದುಕೊಂಡು ‘ಆಗು’, ‘ಮಾಡು’ ಸೇರಿಸಿದ್ದೇವೆ. ಅದೇ ಅಭ್ಯಾಸ ಇಂಗ್ಲಿಷಿಗೆ ಹೋದಾಗ ‘ಐ ಡಿಡ್ ಲಾಗಿನ್’, ‘ಐ ಲಾಗಿನ್ಡ್’ ಎಂಬ ರೂಪಗಳು ಬಾಯಿಗೆ ಬರುತ್ತವೆ. ಸಂದರ್ಶನದಲ್ಲಿ ಇವು ಎದ್ದು ಕಾಣುತ್ತವೆ, ಆದ್ದರಿಂದ ಇಲ್ಲಿ ನಿಧಾನವಾಗಿ ಅಭ್ಯಾಸ ಮಾಡಿ. ಕ್ರಿಯಾಪದ ಎರಡು ಪದ, ಕಾಲ ಬದಲಾಗುವುದು ಮೊದಲನೆಯದರಲ್ಲಿ ಮಾತ್ರ: ‘ಐ ಲಾಗ್ಡ್ ಇನ್ ಅಟ್ ನೈನ್’, ‘ಶಿ ಈಸ್ ಲಾಗಿಂಗ್ ಇನ್’. ಒಂದೇ ಪದವಾಗಿ ಬರೆಯುವ ‘ಲಾಗಿನ್’ ನಾಮಪದ: ‘ಮೈ ಲಾಗಿನ್ ಈಸ್ ನಾಟ್ ವರ್ಕಿಂಗ್’. ಕಿವಿಗೂ ವ್ಯತ್ಯಾಸ ಗೊತ್ತಾಗುತ್ತದೆ. ನಾಮಪದದಲ್ಲಿ ಒತ್ತು ‘ಲಾಗ್’ ಮೇಲೆ ಬೀಳುತ್ತದೆ, ಕ್ರಿಯಾಪದದಲ್ಲಿ ‘ಇನ್’ ಮೇಲೆ. ಗಟ್ಟಿಯಾಗಿ ಎರಡನ್ನೂ ಹೇಳಿ ನೋಡಿ.

ಯಾವ ತಾಣಕ್ಕೆ ಎಂದು ಹೇಳುವಾಗ ‘ಟು’ ಬೇಕು, ಅದು ‘ಇನ್’ಗೆ ಅಂಟುವುದಿಲ್ಲ. ‘ಲಾಗ್ ಇನ್’ ಒಂದು ಘಟಕ, ‘ಟು ದ ಪೋರ್ಟಲ್’ ಇನ್ನೊಂದು. ಇವೆರಡರ ನಡುವೆ ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿದರೆ ಬರೆಯುವಾಗಲೂ ತಪ್ಪುವುದಿಲ್ಲ. ಅಂಟಿಸಿ ಬರೆದದ್ದೂ ಮುದ್ರಣದಲ್ಲಿ ಸಾಕಷ್ಟು ಕಾಣುತ್ತದೆ, ಅರ್ಜಿಯಲ್ಲಿ ಬಿಡಿಸಿ ಬರೆಯುವುದು ಲೇಸು. ಇನ್ನೊಬ್ಬರನ್ನು ಸೇರಿಸುವಾಗ, ತೆಗೆಯುವಾಗ ಸರ್ವನಾಮ ನಡುವೆ ಬರುತ್ತದೆ: ಬ್ಯಾಂಕಿನ ತಾಣ ಸ್ವಲ್ಪ ಹೊತ್ತು ಸುಮ್ಮನಿದ್ದರೆ ನಮ್ಮನ್ನು ಹೊರಗೆ ಹಾಕುತ್ತದಲ್ಲ, ‘ಇಟ್ ಲಾಗ್ಡ್ ಮಿ ಔಟ್’. ‘ಲಾಗ್ಡ್ ಔಟ್ ಮಿ’ ಎಂದರೆ ಕಿವಿಗೆ ಚುಚ್ಚುತ್ತದೆ. ಬಾಲವಿಲ್ಲದ ‘ಲಾಗ್’ ಕೂಡ ಬದುಕಿದೆ ಎಂಬುದನ್ನು ನೆನಪಿಡಿ: ಕರೆಂಟ್ ಹೋದಾಗ ದೂರು ದಾಖಲಿಸುವುದು ‘ಲಾಗ್ ಎ ಕಂಪ್ಲೇಂಟ್’, ವಿಮಾನ ಚಾಲಕರು ಹಾರಾಟದ ಗಂಟೆಗಳನ್ನು ಬರೆದಿಡುವುದು ‘ಲಾಗ್ ಅವರ್ಸ್’. ಪುಸ್ತಕದ ಅರ್ಥ ಅಲ್ಲಿ ಇನ್ನೂ ನಿಚ್ಚಳವಾಗಿದೆ.

ಈ ದಾರಿಯನ್ನು ಬೇರೆ ಜೋಡಿಗಳ ಮೇಲೂ ಹಾಕಿ ನೋಡಿ. ‘ಹ್ಯಾಂಗ್ ಅಪ್’ ಬೇಗ ಬಿಡಿಸಿಕೊಳ್ಳುತ್ತದೆ. ಹಳೆಯ ಗೋಡೆ ಫೋನಿನಲ್ಲಿ ಕಿವಿಗೆ ಹಿಡಿಯುವ ಭಾಗವನ್ನು ಕೊಕ್ಕೆಗೆ ತಗುಲಿಹಾಕಿದರೆ ಅದರ ಭಾರಕ್ಕೆ ಕೊಕ್ಕೆ ಕೆಳಗಿಳಿದು ಸಂಪರ್ಕ ಕಡಿಯುತ್ತಿತ್ತು. ಕೊಕ್ಕೆ ಹೋಗಿ ಎಷ್ಟೋ ಕಾಲವಾಯಿತು, ಮಾತು ಉಳಿಯಿತು. ‘ಸೈನ್ ಇನ್’, ‘ಕ್ಲಾಕ್ ಇನ್’, ‘ಫಿಲ್ ಇನ್’ ಮೂರರಲ್ಲೂ ಎಲ್ಲಿಗೆ ಒಳಗೆ ಎಂದು ಕೇಳಿ. ಒಂದರಲ್ಲಿ ಹಾಜರಿ ಪುಸ್ತಕ, ಇನ್ನೊಂದರಲ್ಲಿ ಕಾರ್ಖಾನೆಯ ಗೇಟಿನ ಸಮಯ ಮುದ್ರಿಸುವ ಗಡಿಯಾರ, ಮತ್ತೊಂದರಲ್ಲಿ ಅರ್ಜಿಯ ಖಾಲಿ ಜಾಗ ಸಿಗುತ್ತದೆ. ‘ಅಪ್’ ಮಾತ್ರ ಬೇರೆ ಜಾತಿಯದು. ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ಗಳಲ್ಲಿ ಮೇಲೆ ಹೋಗುವುದು ಏನೂ ಇಲ್ಲ, ಪೂರ್ತಿ ಮುಗಿಸು ಎಂಬ ಅರ್ಥ ಇದೆ. ತಿಂದುಬಿಡು, ಕುಡಿದುಬಿಡು ಎಂದಾಗಿನ ನಮ್ಮ ‘ಬಿಡು’ವನ್ನು ಅಲ್ಲಿ ಇಟ್ಟು ಓದಿದರೆ ತಕ್ಷಣ ಹಿಡಿತಕ್ಕೆ ಬರುತ್ತದೆ.

ಹುಡುಕುವುದಕ್ಕೆ ದುಡ್ಡು ಬೇಡ. ಪದದ ಮೂಲ ಮತ್ತು ಮೊದಲು ಕಂಡ ವರ್ಷ ಕೊಡುವ ಉಚಿತ ನಿಘಂಟುಗಳು ಮೊಬೈಲಿನಲ್ಲೇ ಸಿಗುತ್ತವೆ. ಕಾಗದದ ಮೇಲೆಯೇ ಓದಬೇಕೆನ್ನುವವರು ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕೂತು ನೋಡಬಹುದು. ನನಗೆ ಅಲ್ಲಿನ ನಿಶ್ಶಬ್ದ ಇಷ್ಟ. ಒಂದು ಜೋಡಿಗೆ ಮೂರು ಸಾಲು ಬರೆದಿಡಿ: ಮೂಲ ಪದದ ಹಳೆಯ ಅರ್ಥ, ಬಾಲ ಯಾವ ಕಡೆಗೆ ಒಯ್ಯುತ್ತದೆ, ನಿಮ್ಮ ಸ್ವಂತ ಬದುಕಿನ ಒಂದು ವಾಕ್ಯ. ಎಲ್ಲ ಜೋಡಿಗಳೂ ಹೀಗೆ ಬಿಚ್ಚಿಕೊಳ್ಳುತ್ತವೆ ಎಂದು ತಿಳಿಯಬೇಡಿ. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳು. ಅದರ ಮೂರು ಪದಗಳನ್ನು ಎಷ್ಟು ಬಿಡಿಸಿದರೂ ಕಲಿಯುವವರಿಗೆ ಕೈಗೆ ಹತ್ತುವ ಚಿತ್ರ ಸಿಗುವುದಿಲ್ಲ. ಅಂಥದರ ಮೇಲೆ ಸಂಜೆಯೆಲ್ಲ ಕಳೆಯದೆ, ನಿಮ್ಮ ಬಸ್ಸು, ನಿಮ್ಮ ಪಕ್ಕದ ಮನೆ, ನಿಮ್ಮ ಮೇಲಧಿಕಾರಿ ಬರುವಂತೆ ಮೂರು ವಾಕ್ಯ ಬರೆದು ಮುಂದಿನ ಜೋಡಿಗೆ ಹೋಗಿ.